ಕುದ್ರುವಿಗೆ ಹೋದ ಪೈಪು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನೀರು ಸರಬರಾಜಿನ ಎಂಜಿನಿಯರ್ ಆಗಿ ತುಮಕೂರಿನಿಂದ ಬ್ರಹ್ಮಾವರಕ್ಕೆ ಬಂದೆ. ಹಂಗಾರಕಟ್ಟೆಯ ಎದುರು ಹೊಳೆ ನಡುವಿನ ಒಂದು ಕುದ್ರು ನನ್ನ ಪಾಲಿಗೆ ಬಿತ್ತು. ಹದಿನಾಲ್ಕು ಮನೆಗಳ ಆ ದ್ವೀಪವನ್ನು ನಾನು ಸ್ವತಂತ್ರ ರಾಷ್ಟ್ರವೆಂದೇ ಕರೆಯುತ್ತಿದ್ದೆ. ತೆಂಗಿನಕಾಯಿ ಮತ್ತು ಮಳಿ, ಅಂದರೆ ಹೊಳೆಯ ಚಿಪ್ಪು, ಅದರ ರಫ್ತು. ಅಕ್ಕಿ, ಗ್ಯಾಸ್ ಸಿಲಿಂಡರ್, ಬೇಸಿಗೆಯಲ್ಲಿ ಸಿಹಿನೀರು ಆಮದು. ಸಾರಿಗೆ ಇಲಾಖೆ ಎಂದರೆ ಶೀನಣ್ಣನ ದೋಣಿ.

ಏಪ್ರಿಲ್ ಬಂತೆಂದರೆ ಬಾವಿಗಳೆಲ್ಲ ಉಪ್ಪು. ಆ ವರ್ಷ ಕುದ್ರುವಿನಲ್ಲಿ ಮಳಿ ಹೆಕ್ಕುವ ಜಲಜಕ್ಕನ ಮಗಳು ಚೊಚ್ಚಲ ಹೆರಿಗೆ ಮುಗಿಸಿ ತವರಿಗೆ ಬರುವವಳಿದ್ದಳು. ಬಾಣಂತಿಯನ್ನು ಮೀಯಿಸಲು ದಿನವೂ ಹಂಡೆಗಟ್ಟಲೆ ಬಿಸಿನೀರು ಬೇಕು.

"ಉಪ್ಪ್ ನೀರಂಗೆ ಬಾಣಂತಿ ಮೀಸುಕಾತ್ತಾ? ನೀರ್ ಬರ್ದಿರೆ ಅವ್ಳ್ ಗಂಡನ್ ಮನಿಯಂಗೇ ಇರ್ಲಿ" ಎಂದರು ಜಲಜಕ್ಕ. ಮಗಳು ಬರಲು ಉಳಿದದ್ದು ನಾಲ್ಕೇ ದಿನ; ಅಷ್ಟರೊಳಗೆ ಹೊಳೆ ದಾಟಿಸಿ ಕುದ್ರುವಿಗೆ ಸಿಹಿನೀರಿನ ಪೈಪು ಹಾಕಬೇಕಿತ್ತು.

ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿನ ಎರಡೂ ತುದಿ ಮುಚ್ಚಿ, ಹೊಳೆಯ ಮೇಲೆ ತೇಲಿಸಿ ದೋಣಿಯಿಂದ ಎಳೆದು, ಆಮೇಲೆ ನೀರು ತುಂಬಿ ತಳಕ್ಕೆ ಮುಳುಗಿಸುವುದು ನಮ್ಮ ಕ್ರಮ. ನಾನು ಈಚೆ ದಡದಲ್ಲಿ ವಾಲ್ವ್ ಹಿಡಿದು ನಿಂತಿದ್ದೆ. ಪೈಪಿನ ತುದಿಯನ್ನು ಕುದ್ರುವಿಗೆ ಎಳೆದೊಯ್ದ ಶೀನಣ್ಣ ಅಲ್ಲಿಂದ ಫೋನ್ ಮಾಡಿದ: "ಹ್ವಾಯ್, ಭರ್ತ ಆಯ್ಲಿ. ಕಡಿಕ್ ಮುಳುಗ್ಸುವ."

'ಭರ್ತಿ ಆಗಲಿ, ಆಮೇಲೆ ಮುಳುಗಿಸೋಣ' ಎಂದನೆಂದು ತಿಳಿದು ವಾಲ್ವ್ ತೆರೆದೆ. ಭರ್ತ ಎಂದರೆ ಕಡಲಿನ ಉಬ್ಬರ, ಅದು ಪೂರ್ತಿಯಾದಾಗ ಹೊಳೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ. ಸೆಳೆತಕ್ಕೆ ಪೈಪು ಬಿಲ್ಲಿನಂತೆ ಬಾಗಿ, ಕುದ್ರು ಕಡೆಯ ತುದಿ ಕಿತ್ತು ಮುಳುಗಿತು. ಇಡೀ ಸರ್ವಿಸಿನಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಮರುದಿನ ಇಳಿತದಲ್ಲಿ ಜಲಜಕ್ಕ ಮತ್ತು ಮಳಿ ಹೆಕ್ಕುವ ಹೆಂಗಸರು ಎದೆಮಟ್ಟದ ನೀರಿಗಿಳಿದರು. ಕೆಸರಿನಲ್ಲಿ ಚಿಪ್ಪು ಹುಡುಕುವ ಹಾಗೆಯೇ ಕಾಲಿನಿಂದ ತಡವುತ್ತ ಹೋದರು. ಬೈಯಲು ಅವರಿಗೆ ಹಕ್ಕಿತ್ತು, ಬೈಯಲಿಲ್ಲ. "ಇಲ್ಲಿತ್ತ್ ಕಾಣಿ" ಎಂದರು ಜಲಜಕ್ಕ, ಅಷ್ಟೇ. ಆ ತುದಿಯಿಂದ ಕಂಪ್ರೆಸರ್ ಗಾಳಿ ತಳ್ಳಿ ನೀರನ್ನು ಹೊರಹಾಕಿದಾಗ ಪೈಪು ಮೆಲ್ಲಗೆ ಮೇಲೆದ್ದಿತು. ಈ ಸಲ ಭರ್ತ ಆಗುವವರೆಗೆ ಶೀನಣ್ಣನ ಪಕ್ಕದಲ್ಲೇ ಕೂತು ಕಾದೆ.

ಅಂದಿನಿಂದ ಯಾರು ಏನೇ ಹೇಳಲಿ, ಅದನ್ನು ನನ್ನ ಮಾತಿನಲ್ಲಿ ತಿರುಗಿ ಹೇಳಿ, 'ಸರಿಯಾ' ಎಂದು ಕೇಳದೆ ವಾಲ್ವ್ ಮುಟ್ಟಿಲ್ಲ. ಅಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು.

ಮಗಳು ಕೂಸಿನೊಂದಿಗೆ ಬಂದ ದಿನ ಜಲಜಕ್ಕ ನನ್ನನ್ನು ಬಚ್ಚಲ ಬಾಗಿಲಿಗೆ ಕರೆದು, ತುಳುಕುತ್ತಿದ್ದ ಹಂಡೆ ತೋರಿಸಿದರು.

"ಕಾಣಿ ಎಂಜಿನಿಯರ್ರೆ, ಇದ್ ಭರ್ತಿ. ಹೊಳಿಯಂಗೆ ಇಪ್ಪುದ್ ಭರ್ತ."