ಹುಳುಮನೆಯಲ್ಲಿ ಹುಟ್ಟಿದ ಶಾಲೆ

ನನ್ನ ನೆನಪಿನ ಶಕ್ತಿಗೆ ನೆಂಟರಿಷ್ಟರಲ್ಲಿ ಒಳ್ಳೆಯ ಹೆಸರಿದೆ. ಅದಕ್ಕೆ ನಾನು ಅರ್ಹನಲ್ಲ ಎಂಬುದು ನನಗೊಬ್ಬನಿಗೇ ಗೊತ್ತು. ತಾತನ ತೊಡೆಯ ಮೇಲೆ ಕೂತು ಟಿ. ನರಸೀಪುರದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿದ್ದು ಕಣ್ಣಿಗೆ ಕಟ್ಟಿದಂತಿದೆ. ತಾತನ ಪಂಚೆಗೆ ನೀರು ಸಿಡಿದದ್ದು, ಅವರು ಅಂಬಿಗನನ್ನು ಬೈದದ್ದು, ಎಲ್ಲ ಸ್ಪಷ್ಟ. ತೊಂದರೆ ಇಷ್ಟೇ: ತಾತ ತೀರಿಕೊಂಡದ್ದು ನಾನು ಹುಟ್ಟುವ ಮೊದಲು. ಯಾರೋ ಹೇಳಿದ ಕತೆಯೊಳಕ್ಕೆ ನಾನೇ ಹತ್ತಿ ಕೂತಿರಬೇಕು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ನಾನು ಕಲಿತದ್ದು ಒಂದೇ ವಿದ್ಯೆ, ಅನುಮಾನಪಡುವುದು. ಮೊದಲೆಲ್ಲ ಅದನ್ನು ರಾಜಮಹಾರಾಜರ ಮೇಲೆ ಪ್ರಯೋಗಿಸುತ್ತಿದ್ದೆ. ಈಗ ಮನೆಮಟ್ಟಿಗೆ ಇಟ್ಟುಕೊಂಡಿದ್ದೇನೆ.

ಇಂಥವನನ್ನು ನಮ್ಮೂರ ಶಾಲೆಯವರು ವಾರ್ಷಿಕೋತ್ಸವದ ಭಾಷಣಕ್ಕೆ ಕರೆದರು. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ನಾಲೆ ದಾಟಿದ ಮೇಲೆ ಸಿಗುವ ಜೆಸ್ವಿಟ್ ಪಾದ್ರಿಗಳ ಶಾಲೆ ಅದು. ಈಗ ಅದಕ್ಕೆ ಮೂರು ಅಂತಸ್ತಿದೆ, ಪಿಯು ಕಾಲೇಜಿದೆ, ಹುಲ್ಲಹಳ್ಳಿ ಬಿಳಿಗೆರೆ ಕಡೆಯಿಂದಲೂ ಮಕ್ಕಳನ್ನು ತುಂಬಿಕೊಂಡು ಬರುವ ಹಳದಿ ಬಸ್ಸುಗಳಿವೆ. ಶುರುವಾದಾಗ ಅಲ್ಲಿ ಕೂರುತ್ತಿದ್ದದ್ದು ನಮ್ಮ ಕೇರಿಯ ಮಕ್ಕಳು ಮಾತ್ರ. ಅಂದು ನಮ್ಮ ಪಕ್ಕ ಕೂರಲು ಒಪ್ಪದಿದ್ದವರ ಮೊಮ್ಮಕ್ಕಳ ಸೀಟಿಗಾಗಿ ಇಂದು ಅಪ್ಪಂದಿರು ಬೆಳಗಾಗುವ ಮುಂಚೆ ಬಂದು ಸಾಲು ನಿಲ್ಲುತ್ತಾರೆ. ಚರಿತ್ರೆ ಇಂಥ ತಮಾಷೆಯನ್ನು ನಗದೆಯೇ ಮಾಡುತ್ತದೆ.

ಈಗಿನ ಪ್ರಿನ್ಸಿಪಾಲ್ ಫಾದರ್ ಇನ್ನೂ ಚಿಕ್ಕ ವಯಸ್ಸಿನವರು. ಫೋನಿನಲ್ಲಿ ಹೇಳಿದರು: "ಸರ್, ನೀವು ಮೊದಲನೇ ಬ್ಯಾಚು. ಶಾಲೆ ಹೇಗೆ ಶುರುವಾಯ್ತು ಅಂತ ನಾಲ್ಕು ಮಾತು ಆಡಿ. ಸ್ವಲ್ಪ ಇನ್‌ಸ್ಪೈರಿಂಗ್ ಆಗಿರಲಿ."

"ನಿಜ ಆಗಿದ್ರೆ ಸಾಲದಾ ಫಾದರ್?"

"ಎರಡೂ ಇರಲಿ ಸರ್," ಎಂದು ನಕ್ಕರು.

ನಿಜ ಹುಡುಕಿಕೊಂಡು ದೊಡ್ಡಮ್ಮನ ಹತ್ತಿರ ಹೋದೆ. ನನ್ನ ಅಪ್ಪನ ಅಣ್ಣನ ಹೆಂಡತಿ ನಿಂಗಮ್ಮ. ಮಗ ಸೊಸೆ ಮೊಮ್ಮಕ್ಕಳ ಗಲಾಟೆಯ ನಡುವೆ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಶಾಲೆ ಹುಟ್ಟಿದ್ದು ಅವಳ ಹುಳುಮನೆಯಲ್ಲಿ. ಹುಳುಮನೆ ಎಂದರೆ ರೇಷ್ಮೆ ಹುಳು ಸಾಕುವ ಉದ್ದನೆಯ ಹೆಂಚಿನ ಮನೆ. ಆಗ ನಮ್ಮ ಕಡೆ ಹಿಪ್ಪುನೇರಳೆ ಇದ್ದವರೆಲ್ಲ ಹುಳು ಸಾಕುತ್ತಿದ್ದರು. ಮನುಷ್ಯರಿಗಿಲ್ಲದ ಮರ್ಯಾದೆ ಆ ಹುಳುಗಳಿಗಿತ್ತು. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ಹತ್ತಿರದಲ್ಲಿ ಒಗ್ಗರಣೆ ಹಾಕುವಂತಿಲ್ಲ, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕುವಂತಿಲ್ಲ, ಸೂತಕದವರು ಹೊಸ್ತಿಲು ದಾಟುವಂತಿಲ್ಲ.

ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಮೊಟ್ಟೆ ತರುವ ನಡುವೆ ಆ ಮನೆ ಖಾಲಿ ಇರುತ್ತಿತ್ತು. ಅಂಥ ಹೊತ್ತಿನಲ್ಲಿ ಸೈಕಲ್ಲಿನಲ್ಲಿ ಬಂದವರು ಮೊದಲ ಫಾದರ್. ಕರಾವಳಿಯವರು, ಪುಸ್ತಕದ ಕನ್ನಡ.

"'ಅಮ್ಮಾ, ಮಕ್ಕಳ ವಿದ್ಯಾಭ್ಯಾಸಕ್ಕೆ ಈ ಗೃಹ ದೊರಕಬಹುದೋ?' ಅಂದ್ರು ಕಣ್ಲಾ," ಎಂದು ದೊಡ್ಡಮ್ಮ ಬೊಚ್ಚುಬಾಯಲ್ಲಿ ಅಣಕಿಸಿದಳು. "ನಿಮ್ ದೊಡ್ಡಪ್ಪ, ಯಾರೋ ನಾಟ್ಕದೋರು ಬಂದವ್ರೆ ಅಂದ್ಕಂಡು ಎದ್ದು ನಿಂತ್ಬುಟ್ರು."

"ನೀನೇನಂದೆ?"

"ಹುಳ ತರೋಗಂಟ ಮಡಿಕಳಿ, ಹುಳ ಬಂದ್ರೆ ಬುಟ್ಬುಡ್ಬೇಕು ಅಂದೆ. ಸಿಗರೇಟು ಸೇದಂಗಿದ್ರೆ ನಾಲೆ ಏರಿಗೋಗಿ ಸೇದಿ, ಕೈ ಬಾಯಿ ತೊಳ್ಕಂಡು ಬನ್ನಿ ಅಂದೆ. ಪಾಪ, ಅಂಗೇ ಓಯ್ತಿದ್ರು."

ಮಕ್ಕಳಿಗೆ ಪಾಠವೆಂದರೆ ನೆಲದ ಮೇಲೆ; ಸುತ್ತ ಹುಳು ಮೇಯಿಸುವ ಖಾಲಿ ತಟ್ಟೆಗಳ ಅಟ್ಟಣೆ, ಗೋಡೆಗೆ ಒರಗಿಸಿದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು. ಒಣಗಿದ ಸೊಪ್ಪಿನ ವಾಸನೆ ನನಗೆ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ಮನೆಯವಳೇ ಆದ್ದರಿಂದ ಮೊದಲ ದಿನ ಎಲ್ಲರಿಗಿಂತ ಮುಂಚೆ ಬಂದು ಕೂತವಳು ದೊಡ್ಡಮ್ಮನ ಮಗಳು ಚಿಕ್ಕತಾಯಿ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು.

ಹುಳು ಬಂದರೆ ಶಾಲೆ ಎದ್ದು ಹೋಗಬೇಕಿತ್ತು. ಅದು ಎದ್ದು ಹೋಗಲೇ ಇಲ್ಲ. ನಮ್ಮ ತಾಲ್ಲೂಕಿನ ಶಾಸನಗಳನ್ನು ನಾನು ಸಾಕಷ್ಟು ಓದಿದ್ದೇನೆ. ಭೂಮಿ ಕೊಟ್ಟವನ ಬಿರುದುಗಳಿರುತ್ತವೆ, ಕಿತ್ತುಕೊಂಡವನಿಗೆ ನರಕವಿರುತ್ತದೆ. ಆ ಜಾಗ ಹೇಗೆ ತೆರವಾಯಿತು ಎಂಬುದನ್ನು ಮಾತ್ರ ಯಾವ ಕಲ್ಲೂ ಹೇಳುವುದಿಲ್ಲ. ಶಾಲೆಯ ಬಾಗಿಲಲ್ಲಿರುವ ಅಮೃತಶಿಲೆಯ ಹಲಗೆಯೂ ಅಷ್ಟೆ. 'ಊರವರ ಔದಾರ್ಯದಿಂದ' ಎಂದು ಬರೆದಿದೆ.

ನಡೆದದ್ದು ಬೇರೆ. ಹೊಸ ಬೆಳೆಗೆ ಮೊಟ್ಟೆ ತರುವ ವಾರದಲ್ಲೇ ಚಿಕ್ಕತಾಯಿ ಕಾಮಾಲೆಯಿಂದ ತೀರಿಕೊಂಡಳು. ಸೂತಕದ ಮನೆಯವರು ಹುಳು ಸಾಕುವಂತಿಲ್ಲ. ಆ ಬೆಳೆ ತಪ್ಪಿತು. ಶಾಲೆ ನಿಲ್ಲಿಸಲೇ ಎಂದು ಫಾದರ್ ಕೇಳಿದರಂತೆ. ದೊಡ್ಡಮ್ಮ ಬೇಡವೆಂದಳಂತೆ. ಮುಂದಿನ ಬೆಳೆಗೆ ಸೂತಕವಿರಲಿಲ್ಲ. ಆದರೂ ಅವಳು ಮೊಟ್ಟೆ ತರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

"ಯಾಕೆ ದೊಡ್ಡಮ್ಮ?"

"ಐಕ್ಳ ಸದ್ದು ಇರ್ಲಿ ಅನ್ನುಸ್ತು ಕನಪ್ಪ. ಹುಳ ತಂದ್ರೆ ಮನೆ ಗಪ್ ಅಂದೋಗದು."

ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದರು. ಕೆಲವು ವರ್ಷಗಳ ಮೇಲೆ ಅದೇ ಜಾಗಕ್ಕೆ ಅಂಟಿಕೊಂಡು ಕಲ್ಲಿನ ಕಟ್ಟಡ ಎದ್ದಿತು. ಮೂರು ಅಂತಸ್ತಿನ ಬುಡ ಅಲ್ಲಿದೆ.

ಇಷ್ಟು ಹೇಳಿ ದೊಡ್ಡಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಮೈಕಲ್ಲಿ ಅವ್ಳ ಹೆಸ್ರು ಯೋಳ್ಬೇಕು ನೀನು. ನಿಮ್ ದೊಡ್ಡಪ್ಪ ಓಗ್ಬುಟ್ರು. ಫಾದರ್ರೂ ಓಗ್ಬುಟ್ರು. ನನ್ ಮಗ ಆಮೇಲ್ ಉಟ್ದೋನು, ಅವನ್ಗೇನ್ ಗೊತ್ತು? ಅವ್ಳ ಪಕ್ದಲ್ ಕೂತಿದ್ದೋನು ಅಂದ್ರೆ ನೀನೊಬ್ನೆಯ." ನನ್ನ ಕಡೆ ತಿರುಗಿ ಕೇಳಿದಳು: "ನಿಂಗೆ ಅವ್ಳ ಮೊಕ ಗೆಪ್ತಿ ಅದಾ?"

ಹೌದು ಎನ್ನುವುದು ಎಷ್ಟು ಸುಲಭವಿತ್ತು. ಇಲ್ಲದ ತಾತನನ್ನು ಹರಿಗೋಲಿನಲ್ಲಿ ಕೂರಿಸಿದವನಿಗೆ ಇದೇನು ಕಷ್ಟ? ಆದರೆ ಬಾಯಿ ಬರಲಿಲ್ಲ. "ಇಲ್ಲ ದೊಡ್ಡಮ್ಮ," ಎಂದೆ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಒಳಗಿದ್ದ ಸೊಸೆಗೆ ಕೇಳದಂತೆ ತಗ್ಗಿದ ದನಿಯಲ್ಲಿ ಹೇಳಿದಳು: "ನಂಗೂ ಇಲ್ಲ ಕನಾ. ಓಗ್ಬುಡ್ತು. ಅದ್ಕೇ ನಿನ್ನ ಕೇಳ್ದೆ."

ನಮ್ಮ ಕೇರಿಗೆ ಆಗ ಫೋಟೊ ಎಂಬುದು ಬಂದಿರಲಿಲ್ಲ. ನೆನಪು ಕೈಕೊಡುತ್ತದೆ ಎಂದು ನಾನು ಎಷ್ಟೋ ತರಗತಿಗಳಲ್ಲಿ ಪಾಠ ಹೇಳಿದ್ದೇನೆ. ಹೆತ್ತವಳಿಗೂ ಕೈಕೊಡುತ್ತದೆ ಎಂದು ಗೊತ್ತಾದ ಮೇಲೆ ಆ ಪಾಠ ನನಗೇ ಬೇಡವಾಗಿದೆ.

ವಾರ್ಷಿಕೋತ್ಸವದ ದಿನ ದೊಡ್ಡಮ್ಮನನ್ನು ಆಟೋದಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆವು. ನನ್ನ ಭಾಷಣ ಇನ್‌ಸ್ಪೈರಿಂಗ್ ಆಗಿರಲಿಲ್ಲ. ಹುಳುಮನೆಯ ಬಗ್ಗೆ ಹೇಳಿದೆ, ಸಿಗರೇಟಿನ ಬಗ್ಗೆ ಹೇಳಿದಾಗ ಮಕ್ಕಳು ಕುಣಿದು ನಕ್ಕರು. "ಈ ಶಾಲೆಯ ಮೊದಲ ವಿದ್ಯಾರ್ಥಿನಿ ಚಿಕ್ಕತಾಯಿ. ಅವಳು ಹೋದಳು, ಅವಳ ತಾಯಿ ನಮ್ಮನ್ನು ಹೋಗಗೊಡಲಿಲ್ಲ, ಅದರಿಂದ ಶಾಲೆ ಉಳಿಯಿತು. ಅವಳ ಮುಖ ನನಗೆ ನೆನಪಿಲ್ಲ," ಎಂದೆ. ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ದೊಡ್ಡಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೇರ ಕೂತಿದ್ದಳು.

ಮುಗಿದ ಮೇಲೆ ಅವಳ ಕೈ ಹಿಡಿದು ಮೈದಾನದಲ್ಲಿ ನಿಧಾನಕ್ಕೆ ನಡೆಸಿಕೊಂಡು ಬರುತ್ತಿದ್ದೆ.

"ಮೊಕ ಓಗ್ಲಿ, ಇನ್ನೇನೂ ಕಾಣಾಕಿಲ್ವಾ ನಿಂಗೆ?" ಎಂದಳು.

"ಒಂದು ಕಾಣ್ತದೆ. ಆದ್ರೆ ಅದು ಸುಳ್ಳು ದೊಡ್ಡಮ್ಮ. ನೀಲಿ ಲಂಗ, ಬಿಳಿ ಅಂಗಿ ಹಾಕ್ಕೊಂಡು ನನ್ನ ಪಕ್ಕ ಕೂತಿರ್ತಾಳೆ. ಯೂನಿಫಾರಂ ಬಂದದ್ದೇ ಕಲ್ಲಿನ ಕಟ್ಟಡ ಆದ್ಮೇಲೆ. ಅಷ್ಟೊತ್ತಿಗೆ ಅವಳು ಎಲ್ಲಿದ್ದಳು?"

ನೀಲಿ ಲಂಗದ ಹುಡುಗಿಯರ ಗುಂಪೊಂದು ನಮ್ಮನ್ನು ಬಳಸಿಕೊಂಡು ಬಸ್ಸಿನ ಕಡೆ ಓಡಿತು. ದೊಡ್ಡಮ್ಮ ನಿಂತು, ಅವರು ಹತ್ತಿ ಮುಗಿಯುವವರೆಗೂ ನೋಡಿದಳು.

"ಇರ್ಲಿ ಬುಡು," ಎಂದಳು. "ನೀಲಿ ಲಂಗ ಅವ್ಳಿಗೆ ಒಪ್ಪೋದು."