ಯಾವ ಪರವಾ?

ಎರಡನೆಯ ಶನಿವಾರ ಮಧ್ಯಾಹ್ನ ಜುಗೂಳದ ಹೊಲದಲ್ಲಿ ನಿಂತಿದ್ದಾಗ ಆ ಫೋನು ಬಂತು. ಮಾಡಿದವರು ನಮ್ಮ ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದ ಗುಮಾಸ್ತರು. ನಿಪ್ಪಾಣಿ ಕಡೆಯವರು, ರಜೆಯ ದಿನವಾದ್ದರಿಂದ ಮನೆಯಿಂದಲೇ ಮಾಡಿದ್ದರು. "ಮ್ಯಾಡಮ್, ನಿಮ್ಮ ಕಮಿಟಿ ಪರವಾ..." ಎಂದರು. ಅಷ್ಟೇ. ಹೊಳೆ ದಂಡೆಯ ರೇಂಜು, ಫೋನು ಕಟ್ಟಾಯಿತು. ತಿರುಗಿ ಮಾಡಿದೆ, ಹತ್ತಲಿಲ್ಲ. ಒಡ್ಡಿನ ಮೇಲೆ ಹತ್ತಿ ನಿಂತು ಮತ್ತೆ ಮಾಡಿದೆ. ಸ್ವಿಚ್ ಆಫ್.

ಗಡಿಯ ಮಂದಿಯಲ್ಲದವರಿಗೆ ಇದರಲ್ಲಿ ಹೆದರುವಂಥದ್ದೇನು ಅನ್ನಿಸಬಹುದು. ‘ಪರವಾ’ ಮರಾಠಿ ಮಾತು. ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದಲ್ಲಿ ಕನ್ನಡ ಆಡುವಾಗಲೂ ತಾನಾಗಿ ಬಾಯಿಗೆ ಬರುತ್ತದೆ. ಅದಕ್ಕೆ ಮೊನ್ನೆ ಅಂತಲೂ ಅರ್ಥ, ನಾಡಿದ್ದು ಅಂತಲೂ ಅರ್ಥ. ಮುಂದೆ ‘ಆತು’ ಅಂದರೆ ಮೊನ್ನೆ, ‘ಐತಿ’ ಅಂದರೆ ನಾಡಿದ್ದು. ನನ್ನ ಪಾಲಿನ ಆ ಮುಂದಿನ ಮಾತು ಹೊಳೆಪಾಲಾಗಿತ್ತು.

ಕಮಿಟಿ ಅಂದರೆ ನಮ್ಮ ಒಳಸುತ್ತಿನ ಕಮಿಟಿ. ಸಂಶೋಧನೆಗೆ ಅನುದಾನ ಕೊಡುವ ಸಂಸ್ಥೆಯೊಂದು ಪ್ರತಿ ವಿಶ್ವವಿದ್ಯಾಲಯದಿಂದ ಒಂದೇ ಒಂದು ಪ್ರಸ್ತಾವನೆ ಕೇಳುತ್ತದೆ. ಅರ್ಜಿ ಹಾಕುವವರು ನಾವು ಹಲವರು. ಹಾಗಾಗಿ ಮೊದಲು ಮನೆಯೊಳಗೇ ಕುಸ್ತಿ, ಗೆದ್ದವರೊಬ್ಬರದು ಹೊರಗೆ ಹೋಗುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ನನಗೆ ಪೂಜಾರಿಯನ್ನು ದಾಟುವುದೇ ಆಗಿರಲಿಲ್ಲ. ಹಿಂದಿನ ಎರಡು ಸಲ ಅಲ್ಲೇ ಬಿದ್ದಿದ್ದೆ. ಈ ಅನುದಾನಕ್ಕೆ ವಯಸ್ಸಿನ ಮಿತಿ ಇದೆ, ನನಗೆ ಇದೇ ಕಡೆಯ ವರ್ಷ. ಚಿಕ್ಕೋಡಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಮುಂದೆ ಯಾರೂ ಬಾಗಿಲು ತೆರೆಯುವವರಿರಲಿಲ್ಲ.

ನನ್ನ ಕೆಲಸವಿದ್ದದ್ದು ಸವಳು ಭೂಮಿಯ ಮೇಲೆ. ಕಬ್ಬಿಗೆ ನೀರು ಕುಡಿಸಿ ಕುಡಿಸಿ ಕೃಷ್ಣೆಯ ದಂಡೆಯ ಎಷ್ಟೋ ಹೊಲಗಳಲ್ಲಿ ಕೆಳಗಿನ ಉಪ್ಪು ಮೇಲೆ ಬಂದು ಕೂತಿದೆ. ಬಿಸಿಲು ಬಿದ್ದರೆ ನೆಲ ಬೆಳ್ಳಗಾಗುತ್ತದೆ, ಬೀಜ ಹುಟ್ಟುವುದಿಲ್ಲ. ನೆಲದಡಿ ತೂತಿನ ಪೈಪು ಹೂಳಿ, ಉಪ್ಪುನೀರನ್ನು ಬಸಿದು ಹೊರಗೆ ಹಾಕಿ, ಹಂತಹಂತವಾಗಿ ಮಣ್ಣನ್ನು ತಿರುಗಿ ಪಡೆಯಬಹುದೇ ಅಂತ ನೋಡುವುದು ನನ್ನ ಯೋಜನೆ. ಅದಕ್ಕೆ ಜಾಗ ಕೊಟ್ಟವರು ಜುಗೂಳದ ಒಬ್ಬ ಜೈನ ರೈತ. ನನಗೆ ರಕ್ತಸಂಬಂಧಿಯಲ್ಲ. ಆದರೂ ಮೊದಲ ದಿನದಿಂದ ಅವರು ಕಾಕಾ, ಅವರ ಹೆಂಡತಿ ಕಾಕು. ಅವರ ಸವಳು ಹೊಲದ ಒಂದು ಮೂಲೆಯಲ್ಲಿ ನಾನು ಕೈಯಿಂದಲೇ ದುಡ್ಡು ಹಾಕಿ ಪೈಪು ಹೂಳಿಸಿದ್ದೆ. ಮೂರನೆಯ ಮಳೆಗಾಲ ಕಳೆದ ಮೇಲೆ ಆ ಮೂಲೆಯಲ್ಲಿ ಹುಲ್ಲು ಹುಟ್ಟಿತು. ಬರೀ ಹುಲ್ಲು! ಆದರೂ ಅವತ್ತು ನಾನೂ ಕಾಕುನೂ ಹುಚ್ಚರ ಹಾಗೆ ನಕ್ಕಿದ್ದೆವು.

ಇಟ್ಟಂಗಿ ಭಟ್ಟಿಯವರು ಆ ಹೊಲದ ಮೇಲೆ ಕಣ್ಣು ಹಾಕಿದ್ದರು. "ಮ್ಯಾಲಿನ ಉಪ್ಪು ಕೆರೆದು ಒಗೀತೇವಿ, ಕೆಳಗಿನ ಮಣ್ಣು ಚಲೋ ಐತಿ" ಅಂತ ಬೆನ್ನು ಹತ್ತಿದ್ದರು. ಕಾಕಾ ನನಗೆ ಒಂದು ಮಾತು ಕೊಟ್ಟಿದ್ದರು. "ನಿನ್ನ ಕಮಿಟಿ ಆಗೂತನಕ ನಾ ಯಾರಿಗೂ ಹೂಂ ಅನ್ನೂದಿಲ್ಲ, ಮಗಳ." ಗೆದ್ದರೆ ಇಡೀ ಹೊಲಕ್ಕೆ ಪೈಪು. ಸೋತರೆ ಹೊಲ ಭಟ್ಟಿಗೆ, ಹುಲ್ಲು ಹುಟ್ಟಿದ ನನ್ನ ಮೂಲೆಯೂ ಅದರ ಜೊತೆಗೆ.

ಅಂಥ ಹೊತ್ತಿನಲ್ಲಿ ಬಂದದ್ದು ಈ ಅರ್ಧ ಫೋನು.

"ಪರವಾ ಅಂದ್ರ? ಆಗಿಹೋತೇನ?" ಅಂದರು ಕಾಕಾ.

"ಇಲ್ರಿ ಕಾಕಾ, ನಾಡಿದ್ದು ಇರಬೇಕು."

"ನಾಡಿದ್ದು ಇದ್ರ ಸೋಮವಾರ ಅಂತಿದ್ದಾ. ಮೊನ್ನಿದಕ್ಕ ಪರವಾ ಅಂದಾನ."

ಕಾಕು ಸುಮ್ಮನಿರುವವರಲ್ಲ. "ನಿಮ್ಮ ಬಾಯಾಗ ಯಾವಾಗರೆ ಒಳ್ಳೇದ ಬಂದೈತಿ? ಮುಂದಿನ ಪರವಾ ಅದ. ಆಗಿಹೋಗಿದ್ರ ಫೋನ್ ಯಾಕ ಮಾಡ್ತಿದ್ದಾ?"

"ಬಿದ್ದಾಳ ಅಂತ ಹೇಳಾಕ ಮಾಡಿರ್ತಾನ."

ಅದು ಹಾಗೂ ಆಗಬಹುದಿತ್ತು. ಹಿಂದಿನ ಸಲ ಯಾರನ್ನೂ ಕರೆಯದೆ, ಬರೀ ಕಾಗದ ಓದಿ ಮುಗಿಸಿದ್ದರು. ನನಗೆ ಗೊತ್ತಾದದ್ದು ಎಲ್ಲಾ ಆದ ಮೇಲೆ, ಇದೇ ಗುಮಾಸ್ತರ ಫೋನಿನಿಂದ. ಗುರುವಾರವೇ ಎಲ್ಲಾ ಮುಗಿದು, ನಾನು ಇಲ್ಲಿ ಮಣ್ಣು ಕೆದರುತ್ತ ನಿಂತಿರಬಹುದು.

ಕಾಕು ಮೆಲ್ಲಗೆ ಇನ್ನೊಂದು ಮಾತು ಹೇಳಿದರು. "ನಾಳೆ ಭಟ್ಟಿಯವ್ರು ಬರ್ತಾರ. ಟ್ರ್ಯಾಕ್ಟರ್ ತಗೊಂಡ."

"ಕಾಕಾ, ಸೋಮವಾರದ ತನಕ ತಡೀರಿ. ಕೈ ಮುಗೀತೇನಿ."

ಕಾಕಾ ಹೊಲದ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. "ನೋಡೂಣು" ಅಂದರು.

ನಮ್ಮ ಸೀಮೆಯಲ್ಲಿ ‘ನೋಡೂಣು’ ಅಂದರೆ ಮುಖ ಮುರಿಯದ ಹಾಗೆ ಇಲ್ಲ ಅನ್ನುವುದು. ಅವರ ತಪ್ಪೂ ಅಲ್ಲ. ಅವರ ಲೆಕ್ಕದಲ್ಲಿ ಕಮಿಟಿ ಗುರುವಾರ ಮುಗಿದಿತ್ತು, ಕೊಟ್ಟ ಮಾತಿನ ಗಡುವೂ ಅವತ್ತೇ ಮುಗಿದಿತ್ತು.

ಭಾನುವಾರವನ್ನು ಹೇಗೆ ಕಳೆದೆನೋ ನನಗೇ ತಿಳಿಯದು. ಚಿಕ್ಕೋಡಿಯ ಮನೆಯಲ್ಲಿ ಕೂತು ಗುಮಾಸ್ತರಿಗೆ ಫೋನು ಮಾಡುತ್ತಲೇ ಇದ್ದೆ, ಸ್ವಿಚ್ ಆಫ್. ಮದುವೆಗೆ ಹೋಗಿದ್ದರಂತೆ, ಚಾರ್ಜರ್ ಮರೆತಿದ್ದರಂತೆ, ಆಮೇಲೆ ಗೊತ್ತಾಯಿತು. ಮದುವೆಗೆ ಹೋಗುವವನಿಗೆ ಚಾರ್ಜರ್ ನೆನಪಿರಬಾರದೇ? ಬಯ್ಯದ ಬೈಗುಳವಿಲ್ಲ. ಕಾಕಾನಿಗೆ ಫೋನು ಮಾಡಲು ಮಾತ್ರ ಧೈರ್ಯವಾಗಲಿಲ್ಲ. ಅವರ ಹೆಸರಿನ ಮೇಲೆ ಬೆರಳಿಡುವುದು, ತೆಗೆಯುವುದು. ಆ ಕಡೆ ಟ್ರ್ಯಾಕ್ಟರಿನ ಸದ್ದು ಕೇಳಿಸಿದರೆ? ಕೇಳದಿದ್ದರೆ ಹೊಲ ಇನ್ನೂ ಇದೆ ಅಂತ ಅಂದುಕೊಳ್ಳಬಹುದಲ್ಲ. ಉಣ್ಣಲೂ ಏಳಲಿಲ್ಲ.

ಸೋಮವಾರ ಮೊದಲ ಬಸ್ಸು ಹಿಡಿದು ವಿಶ್ವವಿದ್ಯಾಲಯಕ್ಕೆ ಹೋದೆ. ಕಮಿಟಿ ಆಗಿದ್ದರೆ ಬಾಗಿಲು ಹಾಕಿರುತ್ತದೆ, ಆಗಿರದಿದ್ದರೆ ಕುರ್ಚಿ ಹಾಕಿರುತ್ತಾರೆ. ಮೇಲೆ ಹೋಗಿ ನೋಡಿದರೆ ಪಡಸಾಲೆಯಲ್ಲಿ ಕುರ್ಚಿಗಳು! ಪಕ್ಕದಲ್ಲಿ ಗುಮಾಸ್ತರು ನಿಂತು ನಗುತ್ತಿದ್ದರು.

"ಯಾವ ಪರವಾ ಅಂತ ಹೇಳಬಾರದೇನ್ರಿ?" ನಾನು ರೇಗಿದೆ. "ಎರಡು ದಿನ ಜೀವಾ ಕೈಯಾಗ ಹಿಡಕೊಂಡ ಕುಂತೇನಿ!"

"ಪರವಾ ಅಂದ್ರ ಪರವಾ ಮ್ಯಾಡಮ್. ಅದರಾಗ ತಿಳೀಲಾರದ್ದೇನೈತಿ?" ಅಂದರು ಪುಣ್ಯಾತ್ಮ.

ನಗು ಬರಬೇಕಿತ್ತು, ಬರಲಿಲ್ಲ. ಕಮಿಟಿ ಇವತ್ತೇ ಇದೆ ಅಂತಾದರೆ ಕಾಕಾನ ಮಾತಿನ ಗಡುವೂ ಇವತ್ತಿನ ತನಕ ಇತ್ತು. ಅದು ಅವರಿಗೆ ಗೊತ್ತಿರಲಿಲ್ಲ. ಭಟ್ಟಿಯವರು ನಿನ್ನೆಯೇ ಬಂದು ಹೋಗಿರಬೇಕು. ನಾನು ಯಾವ ಹೊಲದ ಬಗ್ಗೆ ಮಾತಾಡಲು ಒಳಗೆ ಹೊರಟಿದ್ದೆನೋ ಆ ಹೊಲ ಈಗ ಇದೆಯೋ ಇಲ್ಲವೋ ನನಗೇ ತಿಳಿದಿರಲಿಲ್ಲ.

ಒಳಗೆ ಐದಾರು ಮಂದಿ ಕೂತಿದ್ದರು. ನಡುವೆ ಅಧ್ಯಕ್ಷರು, ಮೈಸೂರು ಕಡೆಯವರು, ಒಳ್ಳೆಯ ಮನುಷ್ಯರೇ. ಹುಲ್ಲಿನ ಫೋಟೋ ತೋರಿಸಿದೆ, ಮಣ್ಣಿನ ಉಪ್ಪು ಎಷ್ಟು ಇಳಿದಿದೆ ಅಂತ ಹೇಳಿದೆ. ಅವರು ಗೋಣು ಹಾಕುತ್ತಿದ್ದರು, ಒಬ್ಬರು ಏನೋ ಬರೆದುಕೊಂಡರು. ಒಂದು ಗಳಿಗೆ ಗೆದ್ದೆ ಅಂದುಕೊಂಡೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವವಳು ನಾನು.

ಆಗ ಅಧ್ಯಕ್ಷರು ಕನ್ನಡಕ ತೆಗೆದು ಕೇಳಿದರು. "ಕೆಲಸ ಚೆನ್ನಾಗಿದೆ ಮೇಡಮ್. ಆದ್ರೆ ಈ ಜಮೀನು ಮೂರು ವರ್ಷ ನಿಮಗೆ ಸಿಗತ್ತೆ ಅನ್ನೋದಕ್ಕೆ ಏನು ಆಧಾರ? ಒಪ್ಪಂದ ಪತ್ರ ಏನಾದ್ರೂ ಇದೆಯಾ?"

ಇರಲಿಲ್ಲ. ಕೇಳಿಯೂ ಇರಲಿಲ್ಲ. ನಮ್ಮಲ್ಲಿ ಹಿರಿಯರೊಬ್ಬರು ಮಾತು ಕೊಟ್ಟ ಮೇಲೆ ಅವರ ಮುಂದೆ ಕಾಗದ ಹಿಡಿದು ಸಹಿ ಕೇಳಿದರೆ ಕಪಾಳಕ್ಕೆ ಹೊಡೆದಂತೆ. ಆ ಮನೆಯ ಚಹಾದ ಋಣ ಅಲ್ಲಿಗೆ ಮುಗಿದಂತೆ.

"ಮಾತು ಕೊಟ್ಟಾರ್ರಿ ಸರ್" ಅಂದೆ.

"ಮಾತನ್ನ ಪ್ರಸ್ತಾವನೆಗೆ ಲಗತ್ತಿಸೋಕಾಗಲ್ವಲ್ಲ ಮೇಡಮ್" ಅಂದರು. ಎಲ್ಲರೂ ನಕ್ಕರು, ಕೆಟ್ಟ ನಗುವಲ್ಲ. "ಜಮೀನು ಈಗ ಇರೋದಂತೂ ಗ್ಯಾರಂಟಿ ತಾನೇ?"

ಹೌದು ಅನ್ನಬೇಕಿತ್ತು. ಬಾಯಿ ತೆರೆದೆ, ಕಣ್ಣ ಮುಂದೆ ಟ್ರ್ಯಾಕ್ಟರು ಬಂತು. ಮಾತು ಹೊರಡಲಿಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆ ಹೊತ್ತಿಗೆ ಹೇಳಿದರು: ಬ್ಯಾಟರಿಯ ಮೇಲೆ ಕೆಲಸ ಮಾಡುವ ಇನ್ನೊಂದು ವಿಭಾಗದ ಹುಡುಗನದು ಹೊರಗೆ ಹೋಗುತ್ತದೆ. ಅವನ ಕೆಲಸವೆಲ್ಲ ನಾಲ್ಕು ಗೋಡೆಯೊಳಗೆ, ಗೋಡೆಯನ್ನು ಯಾರೂ ಅಗೆದು ಒಯ್ಯುವುದಿಲ್ಲ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಸಿಟ್ಟಿಗೆ ಅತ್ತೆನೋ ದುಃಖಕ್ಕೋ ಗೊತ್ತಿಲ್ಲ.

ಮರುದಿನ ಕಾಲೇಜು ಮುಗಿಸಿ ಜುಗೂಳಕ್ಕೆ ಹೊರಟೆ. ಹೋಗದೆ ಇರಬಹುದಿತ್ತು. ಆದರೆ ಅಗೆದ ಹೊಲವನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಕಣ್ಣಿಂದ ನೋಡುವುದೇ ಮೇಲು ಅನ್ನಿಸಿತು. ಬಸ್ಸು ಕೃಷ್ಣೆಯ ಸೇತುವೆ ದಾಟಿತು. ಊರಲ್ಲಿ ಇಳಿದು ಹೊಲದ ದಾರಿ ಹಿಡಿದೆ. ಸ್ವಲ್ಪ ದೂರ ಹೋಗುವುದರಲ್ಲೇ ನೆಲದ ಮೇಲೆ ಕಂಡಿತು ನೋಡಿ, ಟ್ರ್ಯಾಕ್ಟರಿನ ದೊಡ್ಡ ಗಾಲಿಯ ಗುರುತು. ಹಸಿ ನೆಲದಲ್ಲಿ ಆಳವಾಗಿ ಒತ್ತಿಕೊಂಡು ನೇರವಾಗಿ ಕಾಕಾನ ಹೊಲದ ಕಡೆ ಹೋಗಿತ್ತು. ನಾನು ಅಲ್ಲೇ ನಿಂತೆ. ತಿರುಗಿ ಹೋಗಿಬಿಡಲೇ ಅಂದುಕೊಂಡೆ. ಆದರೂ ತಲೆ ಬಗ್ಗಿಸಿ ಗುರುತನ್ನೇ ನೋಡುತ್ತ ನಡೆದೆ.

ಗುರುತು ಒಡ್ಡಿನ ತನಕ ಹೋಗಿ ಅಲ್ಲೇ ಅಗಲಕ್ಕೆ ತಿರುಗಿ ವಾಪಸು ಬಂದಿತ್ತು. ಒಡ್ಡಿನ ಆಚೆ ಹೊಲ ಇದ್ದ ಹಾಗೇ ಬೆಳ್ಳಗೆ ಬಿದ್ದಿತ್ತು. ಮೂಲೆಯಲ್ಲಿ ನನ್ನ ಹುಲ್ಲು. ಕಾಕಾ ಪಕ್ಕದಲ್ಲಿ ಕೂತು ಬಸಿಗಾಲುವೆಯ ಬಾಯಿಗೆ ಕಟ್ಟಿಕೊಂಡಿದ್ದ ಕಸ ತೆಗೆಯುತ್ತಿದ್ದರು.

"ಕಾಕಾ, ನಾ ಬಿದ್ನಿರಿ" ಅಂದೆ. ಬೇರೆ ಮಾತೇ ಬರಲಿಲ್ಲ.

"ಗೊತ್ತೈತಿ" ಅಂದರು, ತಲೆ ಎತ್ತದೆ. "ಶನಿವಾರನ ಹೇಳಿದ್ನಲ್ಲಾ. ಗುರುವಾರ ಆಗಿಹೋಗೈತಿ ಅಂತ."

"ಅಲ್ರಿ, ಗುರುವಾರಲ್ಲ, ನಿನ್ನೆ ಆತು. ನಿನ್ನೆ ಬಿದ್ದೆ."

ಈಗ ತಲೆ ಎತ್ತಿದರು. "ಹಂಗಾರ ಭಾನುವಾರ ನೀ ಇನ್ನೂ ಬಿದ್ದಿರಲಿಲ್ಲೇನ?"

"ಇಲ್ರಿ. ನೀವು ಬಿದ್ದಾಳ ಅಂತ ತಿಳಿದು ಭಟ್ಟಿಯವ್ರಿಗೆ ಹೂಂ ಅಂದಿರ್ತೀರಿ ಅಂತ ನನ್ನ ಜೀವಾ ಹೋಗಿತ್ತು. ಅವ್ರು ಬರಲಿಲ್ಲೇನ್ರಿ?"

"ಬಂದಿದ್ರು. ಕಳಿಸಿದೆ."

ನನಗೆ ತಲೆ ಬುಡ ತಿಳಿಯಲಿಲ್ಲ. ಸಿಟ್ಟೂ ಬಂತು. "ನಾ ಬಿದ್ದೇನಿ ಅಂತ ತಿಳಿದಿದ್ರ ಕಳಿಸಿದ್ದ್ಯಾಕ್ರಿ? ಮಾತು ಕಮಿಟಿ ತನಕ ಅಷ್ಟ ಇತ್ತಲ್ಲ!"

ಕಾಕಾ ಕೈಯ ಕೆಸರನ್ನು ಹುಲ್ಲಿಗೆ ಒರೆಸಿಕೊಂಡರು. "ಅವ್ರು ಒಯ್ದ ಮಣ್ಣು ತಿರುಗಿ ಬರೂದಿಲ್ಲ, ಮಗಳ. ನೀ ಬಿದ್ರೂ ತಿರುಗಿ ಬರ್ತಿ. ಬಂದು ನಿಂದರಾಕ ಜಾಗಾ ಬೇಕಲ್ಲ?"

ನಾನು ಅಲ್ಲೇ ಒಡ್ಡಿನ ಮೇಲೆ ಕುಸಿದೆ. ಸಮಾಧಾನವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಅಲ್ಲಿಯ ತನಕ ಇದ್ದದ್ದು ಸೋಲುವ ಹೆದರಿಕೆ. ಅದು ಹೋದದ್ದೇ ತಡ ಅದರ ದುಪ್ಪಟ್ಟು ಬಂದು ಕೂತಿತು. ಅನುದಾನವಿಲ್ಲ, ವಯಸ್ಸು ಮುಗಿಯಿತು, ಇಡೀ ಹೊಲಕ್ಕೆ ಪೈಪು ಹಾಕುವ ದಾರಿಯಿಲ್ಲ. ಸೋತವಳೆಂದು ತಿಳಿದೂ ಈ ಮನುಷ್ಯ ಹೊಲ ಇಟ್ಟುಕೊಂಡು ಕೂತಿದ್ದಾನೆ. ನಾಳೆ ಇಲ್ಲಿ ಏನೂ ಬೆಳೆಯದಿದ್ದರೆ? ಗೆದ್ದಿದ್ದರೆ ತಪ್ಪನ್ನು ಯೋಜನೆಯ ಮೇಲೆ ಹಾಕಬಹುದಿತ್ತು. ಈಗ ನಾನೊಬ್ಬಳೇ. ಆದರೂ ಎದ್ದು ಕಾಕಾನ ಪಕ್ಕದಲ್ಲಿ ಕೂತು ಕಸಕ್ಕೆ ಕೈ ಹಾಕಿದೆ. ಒಂದು ಮುಷ್ಟಿ ಎಳೆದಾಗ ಕಟ್ಟಿ ನಿಂತಿದ್ದ ಉಪ್ಪುನೀರು ಗುಳುಗುಳು ಅಂತ ಹರಿಯಿತು.

ಅಷ್ಟರಲ್ಲಿ ಕಾಕು ಹೊಲದ ಮಗ್ಗುಲಿನ ಮನೆಯಿಂದ ಕೂಗಿದರು. ಅವರದು ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದ ಮನೆ. "ಏಳ್ರಿ ಇಬ್ಬರೂ, ಹೊತ್ತು ಮುಳುಗೂದರೊಳಗ ಉಂಡ ಬಿಡ್ರಿ! ಮಣ್ಣೇನ ಓಡಿಹೋಗೂದಿಲ್ಲ."

ರೊಟ್ಟಿ, ಹೆಸರುಕಾಳಿನ ಪಲ್ಯ. ಮೂರು ದಿನದ ನಂತರ ಅವತ್ತು ಹೊಟ್ಟೆ ತುಂಬ ಉಂಡೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಚಪ್ಪಲಿ ಮೆಟ್ಟುವಾಗ ಕಾಕು ಬಾಗಿಲಿಗೆ ಬಂದು ನಿಂತರು.

"ಮತ್ತ ಯಾವಾಗ ಬರ್ತಿ?"

ಬಾಯಿಗೆ ತಾನಾಗಿ ಬಂತು. "ಪರವಾ."

ಒಳಗಿನಿಂದ ಕಾಕಾನ ದನಿ ಕೇಳಿತು. "ಯಾವ ಪರವಾ ಅಂತ ಸರಿಯಾಗಿ ಹೇಳಿ ಹೋಗಂತ ಹೇಳ ಅಕಿಗೆ!"

ಕಾಕು ಸೆರಗು ಬಾಯಿಗಿಟ್ಟು ನಕ್ಕರು.

"ಮುಂದಿಂದ್ರಿ ಕಾಕಾ" ಅಂದೆ. "ಮುಂದಿನ ಪರವಾ."