ಕೊಲ್ಹಾಪುರ ಸುತ್ತಿ ಬಂದ ಚಪ್ಪಲಿ

ತುಳಸವ್ವನ ಬೆರಳು ನೋಡಿದವರಿಗೆ ಆಕೆಯ ಕಸುಬು ಬೇರೆ ಹೇಳಬೇಕಾಗಿಲ್ಲ. ಚಪ್ಪಲಿಯ ಪಟ್ಟಿ ಹೆಣೆದು ಹೆಣೆದು ಬಲಗೈ ತೋರುಬೆರಳು ಒಂದು ಕಡೆ ವಾಲಿದೆ. ಅಥಣಿಯಲ್ಲಿ ನಲವತ್ತು ವರ್ಷ ಗಂಡ ಗಂಗಾರಾಮ ತೊಗಲು ಕತ್ತರಿಸಿದ, ಈಕೆ ಹೆಣೆದಳು. ದಲಾಲರು ಒಯ್ದು ಕೊಲ್ಹಾಪುರದ ಮುದ್ರೆ ಒತ್ತಿ ಮಾರಿದರು. ಗಂಡ ತೀರಿದ ಮೇಲೆ ಆಕೆಗೆ ಒಂದೇ ಹಟ: ಅವನು ಕಲಿಸಿದ ಕೆಲಸ ಒಮ್ಮೆಯಾದರೂ ಅಥಣಿಯ ಹೆಸರಲ್ಲೇ ಹೋಗಬೇಕು. ಅದಕ್ಕೇ ಬಸ್ ನಿಲ್ದಾಣದ ಹತ್ತಿರದ ನನ್ನ ಆನ್‌ಲೈನ್ ಸೆಂಟರ್‌ಗೆ ಬಂದು ವೆಬ್‌ಸೈಟ್ ಮಾಡಿಸಿದಳು.

ಮೂರು ತಿಂಗಳು ಒಂದು ಫೋನೂ ಬರಲಿಲ್ಲ. ಜನ ನೆಟ್ಟಿನಲ್ಲಿ ಹುಡುಕುವುದು ಕೊಲ್ಹಾಪುರದ ಚಪ್ಪಲಿ ಅಂಗಡಿಯನ್ನು. ನಮ್ಮದು ಐದನೇ ಪುಟದ ತಳದಲ್ಲಿ ಬಿದ್ದಿತ್ತು. ಅಲ್ಲಿಯವರೆಗೆ ಇಳಿಯುವ ವ್ಯವಧಾನ ಯಾರಿಗಿದೆ?

"ವಿಳಾಸ ಕೊಲ್ಹಾಪುರದ್ದು ಹಾಕೂಣಬೇ. ನಿನ್ನ ಮಗಳು ನೀಲಮನ ಮನಿ ಅಲ್ಲೇ ಐತಲ್ಲ, ಮ್ಯಾಪಿನಾಗ ಅದನ್ನ ತೋರಸೂಣು" ಎಂದೆ.

"ಇಷ್ಟ ದಿನ ದಲಾಲ್ರು ಊರ ಹೆಸರು ಅಳಸಿದ್ರು ತಮ್ಮಾ. ಈಗ ನಮ್ಮ ಕೈಯಾರೆ ಅಳಸೂದೇನ?"

"ಊರ ಹೆಸರು ಹೊಟ್ಟಿ ತುಂಬಸೂದಿಲ್ಲಬೇ."

ಈ ಮಾತಾಡಿದ ನಾಲಿಗೆ ನನ್ನದೇ. ಆಗ ಅದು ಬಹಳ ಜಾಣತನದ ಮಾತು ಅನಿಸಿತ್ತು. ಆಕೆ ಸುಮ್ಮನಾದಳು, ನಾನು ಒಪ್ಪಿಗೆ ಎಂದುಕೊಂಡೆ. ಪುಟದಲ್ಲಿ ಅಥಣಿ ಎಂದು ಇದ್ದಲ್ಲೆಲ್ಲ ಹುಡುಕಿ ಹುಡುಕಿ ತೆಗೆದೆ. ಎಂಟೇ ದಿನಕ್ಕೆ ಪುಣೆಯಿಂದ, ಹುಬ್ಬಳ್ಳಿಯಿಂದ ಫೋನ್ ಶುರುವಾದವು. ನಾನು ಕಾಲರ್ ಏರಿಸಿಕೊಂಡು ತಿರುಗಿದೆ.

ದೀಪಾವಳಿಗೆ ಮುಂಚೆ ಅಥಣಿಯಿಂದಲೇ ಒಂದು ಆರ್ಡರ್ ಬಂತು. ಕಳಿಸಿದವರು ಅಣ್ಣಾಸಾಬ. ತುಳಸವ್ವನ ಮನೆಯಿಂದ ನಾಲ್ಕು ಓಣಿ ದಾಟಿದರೆ ಅವರ ದೊಡ್ಡ ಮನೆ, ವಾಡೆ. ಗಂಗಾರಾಮ ಬದುಕಿದ್ದಷ್ಟು ದಿನ ಚಪ್ಪಲಿಯನ್ನು ಅವರ ಕಟ್ಟೆಯ ಕೆಳಗಿಟ್ಟು ದೂರ ಸರಿದು ನಿಲ್ಲುತ್ತಿದ್ದ. ಅವರು ಮೇಲಿನಿಂದಲೇ ಕೊಂಕು ತೆಗೆದು ಅರ್ಧ ಬೆಲೆ ಎಸೆಯುತ್ತಿದ್ದರು. ಈಗ ತುಟಿ ಪಿಟಕ್ಕೆನ್ನದೆ ಪೂರ್ತಿ ದುಡ್ಡು ಕಳಿಸಿದ್ದರು. ನಮ್ಮ ಸುಳ್ಳು ಬಯಲಾಗಬಾರದಲ್ಲ. ತುಳಸವ್ವ ಹೆಣೆದ ಜೋಡು ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೋಗಿ, ನೀಲಮನ ಕೈಯಿಂದ ಕೊರಿಯರ್ ಆಗಿ, ನಾಲ್ಕು ಓಣಿ ದಾಟುವುದಕ್ಕೆ ಮೂರು ದಿನ ತೆಗೆದುಕೊಂಡಿತು.

ಹಬ್ಬದ ಮರುದಿನ ತುಳಸವ್ವ ನೆಟ್ಟಗೆ ನನ್ನ ಸೆಂಟರ್‌ಗೆ ಬಂದು ನಡೆದದ್ದನ್ನು ಹೇಳಿದಳು. ವಾಡೆಯ ಮುಂದೆ ಹೋಗುತ್ತಿದ್ದವಳನ್ನು ಅಣ್ಣಾಸಾಬ ಕರೆದು, ಕಟ್ಟೆಯ ಮೇಲಿಂದ ಕಾಲು ಚಾಚಿದ್ದರು. "ನೋಡ ತುಳಸವ್ವ, ಖರೆ ಕೊಲ್ಹಾಪುರಿ ಅಂದ್ರ ಇದು. ನಿನ್ನ ಗಂಡಗ ಜನ್ಮದಾಗ ಹಿಂಗ ಮಾಡಾಕ ಬಂತೇನ?"

ಆಕೆ ಬಗ್ಗಿ ತನ್ನದೇ ಹೆಣಿಗೆ ನೋಡಿದ್ದಳು. ಇದು ತನ್ನ ಕೆಲಸ ಎಂದು ಆಕೆ ಹೇಳಿದರೆ ಕೊಲ್ಹಾಪುರದ ಅಂಗಡಿಯೇ ಸುಳ್ಳಾಗುತ್ತದೆ. "ಚಲೋ ಮಾಡ್ಯಾರ್ರಿ" ಎಂದಷ್ಟೇ ಹೇಳಿ ಬಂದಿದ್ದಳು.

"ನಮ್ಮೂರ ಹೆಸರು ವಾಪಸ್ ಹಾಕ ತಮ್ಮಾ. ಗಿರಾಕಿ ಹೋದ್ರ ಹೋಗಲಿ" ಎಂದಳು.

ತಲೆ ಎತ್ತಲು ನಾಚಿಕೆಯಾಗಿ ಪುಟ ತೆರೆದೆ. ಅಣ್ಣಾಸಾಬ ಆಗಲೇ ಐದು ಸ್ಟಾರ್ ಕೊಟ್ಟು ಅಭಿಪ್ರಾಯ ಬರೆದಿದ್ದರು. ಇಡೀ ಪುಟದಲ್ಲಿ ಅಥಣಿಯ ಹೆಸರಿದ್ದದ್ದು ಅದೊಂದೇ ಕಡೆ. ಓದು ಎಂದಳು, ಓದಿದೆ: "ಇಂಥ ಕೆಲಸ ನಮ್ಮ ಅಥಣಿಯಲ್ಲಿ ಯಾರಿಗೂ ಬರುವುದಿಲ್ಲ."

"ಅದನ್ನ ಅಳಸಾಕ ಬರತೈತೇನ?"

"ಇಲ್ಲಬೇ" ಎಂದೆ. "ನಾವು ಬರೆದದ್ದಷ್ಟ ಅಳಸಾಕ ಬರತೈತಿ."